ಕೋಳಿ ಫೀಡಿಗೆ ಓಮ: ಎಷ್ಟು ಕೆಲಸ ಮಾಡುತ್ತೆ, ಎಷ್ಟು ಮಾಡಲ್ಲ

ಮೂರು ವರ್ಷದ ಹಿಂದೆ ರಾಗಿ ಕೊಯ್ಲಿನಲ್ಲಿ ಕುಡುಗೋಲು ತಾಗಿ ನನ್ನ ಕಾಲಿಗೆ ಗಾಯವಾಯಿತು. ದೊಡ್ಡದೇನಲ್ಲ. ಅರಿಸಿನ ಮೆತ್ತಿಕೊಂಡು ಸುಮ್ಮನಾದೆ. ಹದಿನೈದು ದಿನವಾದರೂ ಕೀವು ನಿಲ್ಲಲಿಲ್ಲ. ಒಂದು ಬಗೆ ಮಾತ್ರೆ ನುಂಗಿದೆ, ಇನ್ನೊಂದು ಬಗೆ ನುಂಗಿದೆ, ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿದರು. ಬಂದ ಚೀಟಿಯಲ್ಲಿ ಔಷಧಿಗಳ ಹೆಸರು ಸಾಲಾಗಿ ಇದ್ದವು. ಕೆಲವದರ ಮುಂದೆ 'ಎಸ್' ಅಕ್ಷರ, ಕೆಲವದರ ಮುಂದೆ 'ಆರ್'. ಎಸ್ ಅಂದರೆ ಆ ಔಷಧಿಗೆ ರೋಗಾಣು ಬಗ್ಗುತ್ತೆ, ಆರ್ ಅಂದರೆ ಬಗ್ಗಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ನನ್ನ ಚೀಟಿಯಲ್ಲಿ ಆರ್‌ಗಳೇ ಹೆಚ್ಚು.

ಅದರಲ್ಲಿ ಒಂದು ಹೆಸರು ಸಿಪ್ರೋಫ್ಲಾಕ್ಸಾಸಿನ್. ಈ 'ಫ್ಲಾಕ್ಸಾಸಿನ್' ಅನ್ನುವ ಬಾಲ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಮನೆಗೆ ಬಂದು ಕೋಳಿ ಶೆಡ್ಡಿನ ಗೂಡು ನೋಡಿದರೆ ಅಲ್ಲಿದ್ದ ಬಾಟಲಿ ಎನ್ರೋಫ್ಲಾಕ್ಸಾಸಿನ್! ಎರಡೂ ಒಂದೇ ಬಳಗ. ಎನ್ರೋಫ್ಲಾಕ್ಸಾಸಿನ್ ಕೋಳಿ ಮೈಯೊಳಗೆ ಹೋದ ಮೇಲೆ ಅದರಲ್ಲಿ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ನೇ ಆಗುತ್ತದಂತೆ. ಪಶು ಡಾಕ್ಟರು ಆಮೇಲೆ ಹೇಳಿದರು. ನನ್ನ ಗಾಯಕ್ಕೆ ಬಂದ ರೋಗಾಣು ಕೋಳಿಯಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲ್ಲ. ಆದರೆ ಎರಡು ವರ್ಷದಿಂದ ಮರಿಗಳಿಗೆ ರೋಗ ಇರಲಿ ಇಲ್ಲದಿರಲಿ ಆ ಬಾಟಲಿ ನೀರಿಗೂ, ಅಂಗಡಿಯವರು ಕೊಟ್ಟ ಇನ್ನೊಂದು ಪುಡಿ ಫೀಡಿಗೂ ಹಾಕುತ್ತಿದ್ದವನು ನಾನೇ. ಆ ಕೋಳಿಯನ್ನು ತಿನ್ನುತ್ತಿದ್ದವರು ನಮ್ಮೂರವರು, ನನ್ನ ಮೊಮ್ಮಗ.

ಅವತ್ತಿನಿಂದ ಅದನ್ನು ಬಿಡಬೇಕು ಅಂತ ಹೊರಟೆ. ಬಿಟ್ಟರೆ ಬದಲಿಗೆ ಏನು? ಓಮ, ದೊಡ್ಡಪತ್ರೆ, ಚಕ್ಕೆ, ಲವಂಗ ಇವುಗಳ ಸುಗಂಧ ತೈಲ ಹಾಕಿ ಅಂತ ಈಗ ಎಲ್ಲರೂ ಹೇಳುತ್ತಾರೆ. ಮಾರುವವರೂ ಬರುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ನಮ್ಮಂಥವರಿಗೆ ಮಳೆ ಕೈಕೊಟ್ಟ ವರ್ಷ ಉಪ್ಪು ಮೆಣಸಿನಕಾಯಿಗೆ ದಾರಿ ಕೋಳಿಯೇ. ಅದಕ್ಕೆ ನಾನು ಕೇಳಿ ತಿಳಿದದ್ದು, ಮಾಡಿ ನೋಡಿದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಔಷಧಿ ಫೀಡಿಗೆ ಬಂದದ್ದು ಹೇಗೆ?

ಇದು ಆಕಸ್ಮಿಕವಾಗಿ ಆದದ್ದು. 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ ಆರಿಯೊಮೈಸಿನ್ ಎಂಬ ಆಂಟಿಬಯೋಟಿಕ್ ಹೊರಬಂತು. ಅಲ್ಲಿನ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಔಷಧಿ ತೆಗೆದ ಮೇಲೆ ಉಳಿದ ಚರಟದಲ್ಲಿ ಬಿ-12 ಜೀವಸತ್ವ ಇರುತ್ತೆ ಅಂತ ಅಲ್ಲಿನ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಅದನ್ನು ಕೋಳಿಮರಿಗೆ ತಿನ್ನಿಸಿದರು. ಮರಿಗಳು ಎಣಿಸಿದ್ದಕ್ಕಿಂತ ಹೆಚ್ಚು ಬೆಳೆದವು. ನೋಡಿದರೆ ಚರಟದಲ್ಲಿ ಉಳಿದಿದ್ದ ಅಷ್ಟಿಷ್ಟು ಔಷಧಿಯದೇ ಕೆಲಸ. ಅಲ್ಲಿಂದ ಮುಂದೆ ರೋಗಕ್ಕೆ ಅಂತ ಇದ್ದ ಔಷಧಿ ಬೆಳವಣಿಗೆಗೆ ಅಂತ ಫೀಡಿಗೆ ಇಳಿಯಿತು.

ಅದು ಮಾಡುವ ಕೆಲಸ ಹೀಗೆ. ಕೋಳಿ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಕೆಟ್ಟವು ತಿಂದ ಆಹಾರದಲ್ಲಿ ಪಾಲು ಕೇಳುತ್ತವೆ, ಕರುಳಿನ ಗೋಡೆ ಕೆಡಿಸುತ್ತವೆ. ಹೊರಗೆ ರೋಗ ಕಾಣದೆಯೇ ತೂಕ ಕಡಿಮೆಯಾಗುತ್ತೆ. ದಿನವೂ ಚೂರು ಔಷಧಿ ಹೋದರೆ ಇವು ತಗ್ಗಿರುತ್ತವೆ. ಚೊಕ್ಕಟ ಶೆಡ್ಡಿನಲ್ಲಿ ಇದರ ಲಾಭ ಕಡಿಮೆ, ಗಲೀಜು ಶೆಡ್ಡಿನಲ್ಲಿ ಹೆಚ್ಚು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಡುಕು ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಬದನೆಯ ಕಾಯಿಕೊರಕಕ್ಕೆ ಅರ್ಧ ಡೋಸು ದಿನಾ ಹೊಡೆದರೆ ಏನಾಗುತ್ತೆ? ಬಡವು ಸಾಯುತ್ತವೆ, ಗಟ್ಟಿಯವು ಉಳಿದು ಮರಿ ಮಾಡುತ್ತವೆ. ಬ್ಯಾಕ್ಟೀರಿಯಾದಲ್ಲೂ ಅದೇ. ಜೊತೆಗೆ ಒಂದು ಬ್ಯಾಕ್ಟೀರಿಯಾ ತನ್ನ ಗಟ್ಟಿತನವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಹಿಕ್ಕೆ, ನೀರು, ಕೈ, ಮಾಂಸ ಇವುಗಳ ಮೂಲಕ ಅದು ಮನುಷ್ಯರ ತನಕ ಬರಬಹುದು.

ಬಿಟ್ಟವರು ಯಾರು, ಏನಾಯಿತು?

ಸ್ವೀಡನ್ 1986ರಲ್ಲೇ ಬೆಳವಣಿಗೆಗೆ ಅಂತ ಆಂಟಿಬಯೋಟಿಕ್ ಹಾಕುವುದನ್ನು ನಿಲ್ಲಿಸಿತು. ಡೆನ್ಮಾರ್ಕಿನ ಬ್ರಾಯ್ಲರ್ ಸಾಕುವವರು 1998ರಲ್ಲಿ ತಾವಾಗಿಯೇ ಬಿಟ್ಟರು. ಇಡೀ ಯುರೋಪ್ ಒಕ್ಕೂಟದಲ್ಲಿ 2006ರ ಜನವರಿ 1ರಿಂದ ನಿಷೇಧ ಬಂತು. ಎನ್ರೋಫ್ಲಾಕ್ಸಾಸಿನ್ನನ್ನು ಕೋಳಿಗೆ ಕೊಡುವುದನ್ನು ಅಮೆರಿಕ 2005ರಲ್ಲಿ ನಿಲ್ಲಿಸಿತು. ಮನುಷ್ಯರಿಗೆ ಬೇಕಾದ ಔಷಧಿಗಳನ್ನು ಬೆಳವಣಿಗೆಗೆ ಅಂತ ಫೀಡಿಗೆ ಹಾಕುವುದನ್ನು 2017ರಲ್ಲಿ ನಿಲ್ಲಿಸಿತು.

ನಮ್ಮಲ್ಲಿ ಕೊಲಿಸ್ಟಿನ್ ಎಂಬ ಔಷಧಿ ಕೋಳಿ ಫೀಡಿನಲ್ಲಿ ಓಡಾಡುತ್ತಿತ್ತು. ಆಸ್ಪತ್ರೆಯಲ್ಲಿ ಬೇರೆ ಯಾವುದೂ ಹಿಡಿಯದಿದ್ದಾಗ ಕೊನೆಗೆ ಕೊಡುವ ಔಷಧಿ ಅದು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಅದರ ತಯಾರಿಕೆ ಮಾರಾಟ ಎರಡನ್ನೂ ನಿಷೇಧಿಸಿತು. ನಿಮ್ಮ ಶೆಡ್ಡಿನಲ್ಲಿ ಹಳೇ ಪೊಟ್ಟಣ ಇದ್ದರೆ ಹೆಸರು ಓದಿ ನೋಡಿ.

ಡೆನ್ಮಾರ್ಕಿನಲ್ಲಿ ಬಿಟ್ಟ ಮೇಲೆ ಕೋಳಿ ಸಾಯುವುದು ಹೆಚ್ಚಲಿಲ್ಲ. 1 ಕೆಜಿ ಕೋಳಿ ಬೆಳೆಯಲು ಸುಮಾರು 16 ಗ್ರಾಂ ಫೀಡು ಹೆಚ್ಚು ಬೇಕಾಯಿತು, ಅಷ್ಟೆ. ಆದರೆ ಅವರದು ಚೊಕ್ಕಟ ಶೆಡ್ಡು. ರಕ್ತಭೇದಿ ತಡೆಯುವ ಬೇರೆ ಔಷಧಿಯನ್ನು ಅವರು ಬಿಟ್ಟಿರಲಿಲ್ಲ. ಅವರು ಬಿಟ್ಟರು ಅಂತ ನಾವು ಕಣ್ಣು ಮುಚ್ಚಿ ಬಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ ನಾನೇ ಸಾಕ್ಷಿ.

ಬಿಟ್ಟ ಮೊದಲ ಸಲ

ಕಾಲು ವಾಸಿಯಾದ ಮೇಲೆ 100 ಗಿರಿರಾಜ ಮರಿ ತಂದೆ. ಬಾಟಲಿಯನ್ನೂ ಪುಡಿಯನ್ನೂ ಒಂದೇ ಸಲ ನಿಲ್ಲಿಸಿದೆ. ಬದಲಿಗೆ ಹಿತ್ತಲಿನ ದೊಡ್ಡಪತ್ರೆ ಕಿವುಚಿ ನೀರಿಗೆ ಹಾಕಿದೆ. ಮೂರನೇ ವಾರಕ್ಕೆ ಭೇದಿ ಶುರುವಾಯಿತು. 22 ಮರಿ ಹೋದವು. ನಮ್ಮ ಮನೆಯವಳು ಸತ್ತ ಮರಿ ಎತ್ತಿ ಹಾಕುತ್ತಾ, 'ನಿಮ್ಮ ಕಾಲಿನ ಸಿಟ್ಟು ಮರಿಗಳ ಮೇಲೆ ತೀರಿಸ್ಕೊಂಡ್ರಿ' ಅಂದಳು.

ಪಶು ಡಾಕ್ಟರನ್ನು ಕರೆದುಕೊಂಡು ಬಂದೆ. ಅವರು ಮರಿ ನೋಡುವ ಮೊದಲು ನೆಲದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರು. ಉಂಡೆ ಕಟ್ಟಿತು. ನೀರಿನ ಡಬ್ಬದ ಸುತ್ತ ಕೆಸರು. ಅಮೋನಿಯಾ ಘಾಟಿಗೆ ಕಣ್ಣು ಉರಿಯುತ್ತಿತ್ತು.

'ಯಜಮಾನ್ರೇ, ಎರಡು ವರ್ಷ ಇದೇ ಹೊಟ್ಟಿನ ಮೇಲೇ ಸಾಕಿದ್ರಾ?'

'ಹೌದು ಸಾರ್, ಆವಾಗ ಏನೂ ಆಗಿರಲಿಲ್ಲ.'

'ಆಗ್ತಿತ್ತು. ಔಷಧಿ ಮುಚ್ಚಿಟ್ಟಿತ್ತು.'

ಆ ಒಂದು ಮಾತು ನನಗೆ ಪಾಠವಾಯಿತು. ಔಷಧಿಗೆ ಬದಲಿ ಹುಡುಕುವ ಮೊದಲು ಔಷಧಿ ಏನನ್ನು ಮುಚ್ಚಿತ್ತು ಅಂತ ನೋಡಬೇಕು.

ಸುಗಂಧ ತೈಲ ಅಂದರೆ?

ಇದು ಗಾಣದ ಎಣ್ಣೆ ಅಲ್ಲ. ಕಡಲೆಕಾಯಿ ಎಣ್ಣೆ ಬಟ್ಟಲಲ್ಲಿಟ್ಟರೆ ಹಾಗೇ ಇರುತ್ತೆ. ಸುಗಂಧ ತೈಲ ಗಾಳಿಗೆ ಹಾರಿಹೋಗುತ್ತೆ. ಗಿಡದ ಸೊಪ್ಪು, ಬೀಜ, ಚಕ್ಕೆಯನ್ನು ಹಬೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದರೆ ಸಿಗುತ್ತೆ. ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಲ್ಲಿ ಮಾಡುವುದು ಇಂಥದ್ದೇ ಕೆಲಸ.

ಕೋಳಿ ಫೀಡಿಗೆ ಹೆಚ್ಚಾಗಿ ಬಳಸುವ ತೈಲದ ಸಾರಗಳು ನಾಲ್ಕು. ಓಮದಲ್ಲಿರುವ ಥೈಮಾಲ್, ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಲವಂಗದ ಯೂಜಿನಾಲ್. ಹೊರದೇಶದಲ್ಲಿ ಒರಿಗ್ಯಾನೋ ಮತ್ತು ಥೈಮ್ ಗಿಡದ ಎಣ್ಣೆ ಬಳಸುತ್ತಾರೆ. ಬೆಂಗಳೂರಲ್ಲಿ ಪಿಜ್ಜಾ ಮೇಲೆ ಉದುರಿಸುತ್ತಾರಲ್ಲ, ಆ ಒರಿಗ್ಯಾನೋ. ಅವುಗಳಲ್ಲೂ ಇರುವುದು ಕಾರ್ವಕ್ರಾಲ್, ಥೈಮಾಲ್‌ಗಳೇ. ನಮ್ಮ ಓಮ, ದೊಡ್ಡಪತ್ರೆ ಅವಕ್ಕೆ ಸಾಟಿ. ಆದರೆ ವಾಸನೆ ಇದ್ದದ್ದೆಲ್ಲ ಒಂದೇ ಅಲ್ಲ. ನೀಲಗಿರಿ ಎಣ್ಣೆಯ ಸಾರ ಬೇರೆ, ಮಜ್ಜಿಗೆ ಹುಲ್ಲಿನದು ಬೇರೆ. ಒಂದರ ಬದಲು ಇನ್ನೊಂದು ಸುರಿಯಬಾರದು.

ಕರುಳಿನಲ್ಲಿ ಇದು ಎರಡು ಕೆಲಸ ಮಾಡುತ್ತೆ. ಒಂದು, ಬ್ಯಾಕ್ಟೀರಿಯಾದ ಹೊರಪೊರೆ ಜಿಡ್ಡಿನದು. ಥೈಮಾಲ್, ಕಾರ್ವಕ್ರಾಲ್ ಆ ಜಿಡ್ಡಿನೊಳಗೆ ಹೊಕ್ಕು ಪೊರೆ ಸಡಿಲ ಮಾಡುತ್ತವೆ. ಒಳಗಿನ ಸಾರ ಸೋರಿ ಬ್ಯಾಕ್ಟೀರಿಯಾ ಸೊರಗುತ್ತೆ. ಎರಡು, ಜೀರ್ಣರಸ ಹೆಚ್ಚಿಸುತ್ತೆ. ಬಾಡೂಟ ಉಂಡು ಹೊಟ್ಟೆ ಉಬ್ಬರಿಸಿದಾಗ ನಾವು ಓಂಕಾಳು ಜಗಿಯುವುದು ಇದಕ್ಕೇ ತಾನೆ?

ಇಷ್ಟಿದ್ದರೂ ಫಲ ಒಂದೇ ಸಮ ಬರುವುದಿಲ್ಲ. ಹೊರದೇಶದಲ್ಲೂ ನಮ್ಮ ದೇಶದಲ್ಲೂ ಪ್ರಯೋಗಗಳು ಬೇಕಾದಷ್ಟು ನಡೆದಿವೆ. ಕೆಲವದರಲ್ಲಿ ಆಂಟಿಬಯೋಟಿಕ್‌ಗೆ ಸಮನಾಗಿ ತೂಕ ಬಂದಿದೆ, ಕೆಲವದರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ಕಾರಣಗಳೂ ಉಂಟು. ಬೆಳೆದ ಮಣ್ಣು, ಕೊಯ್ದ ಕಾಲ, ಒಣಗಿಸಿದ ರೀತಿಯ ಮೇಲೆ ಸಾರ ಹೆಚ್ಚು ಕಡಿಮೆ ಆಗುತ್ತೆ. ಬಿಸಿ ಮಾಡಿ ಗುಳಿಗೆ ಫೀಡು ಒತ್ತುವಾಗ ಎಣ್ಣೆ ಹಾರುತ್ತೆ. ತಿಂದ ಎಣ್ಣೆಯ ಬಹುಪಾಲು ಕರುಳಿನ ಮೇಲುಭಾಗದಲ್ಲೇ ಹೀರಿಹೋಗುತ್ತೆ, ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವ ಕೆಳಭಾಗ ಮುಟ್ಟುವುದಿಲ್ಲ. ಅದಕ್ಕೇ ಕಂಪನಿಗಳು ಎಣ್ಣೆಗೆ ಕೊಬ್ಬಿನ ಲೇಪ ಕೊಟ್ಟು ಪುಡಿ ಮಾಡಿ ಮಾರುತ್ತವೆ.

ಸೊಪ್ಪು ಬೇರೆ, ಎಣ್ಣೆ ಬೇರೆ

ನಾನು ಎಡವಿದ್ದು ಇಲ್ಲೇ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ 1 ಕೆಜಿ ಫೀಡಿಗೆ 100ರಿಂದ 200 ಮಿಲಿಗ್ರಾಂ ಎಣ್ಣೆ ಹಾಕುತ್ತಾರೆ. ಅಂದರೆ 50 ಕೆಜಿ ಮೂಟೆಗೆ 5ರಿಂದ 10 ಗ್ರಾಂ. ದೊಡ್ಡಪತ್ರೆ ಎಲೆ ತುಂಬ ನೀರೇ. ಹಸಿ ಎಲೆಯಲ್ಲಿ ಎಣ್ಣೆ ಬಹಳ ಕಡಿಮೆ. ನಾನು ಹಾಕಿದ ಒಂದು ಹಿಡಿ ಎಲೆಯಿಂದ ವಾಸನೆ ಬಂತು, ಎಣ್ಣೆ ಬರಲಿಲ್ಲ.

ಓಮದ ಕಾಳಿನಲ್ಲಿ ನೂರಕ್ಕೆ 2ರಿಂದ 4 ಪಾಲು ಎಣ್ಣೆ ಇರುತ್ತೆ. ನೂರಕ್ಕೆ 3 ಅಂತ ಹಿಡಿದರೆ 1 ಕೆಜಿ ಓಮದಲ್ಲಿ 30 ಗ್ರಾಂ ಎಣ್ಣೆ. 50 ಕೆಜಿ ಫೀಡಿಗೆ 5 ಗ್ರಾಂ ಎಣ್ಣೆ ಬೇಕಾದರೆ ಸುಮಾರು 170 ಗ್ರಾಂ ಓಮ ಆಯಿತು. ನಾನು 200 ಗ್ರಾಂ ಹಾಕುತ್ತೇನೆ. ನಿಮ್ಮ ಊರಿನ ಓಮದ ರೇಟು ಹಾಕಿ ಮೂಟೆಗೆ ಎಷ್ಟಾಯಿತು ಅಂತ ನೀವೇ ಲೆಕ್ಕ ಮಾಡಿಕೊಳ್ಳಿ.

ಮಾಡುವ ವಿಧಾನ: ಓಮವನ್ನು ಹುರಿಯಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಲ್ಲಿ ಒಣಗಿದ್ದನ್ನು ಒಂದು ವಾರಕ್ಕೆ ಆಗುವಷ್ಟು ಮಾತ್ರ ಕುಟ್ಟಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒಂದೇ ಸಲ ಮೂಟೆಗೆ ಸುರಿದರೆ ಸಮನಾಗಿ ಬೆರೆಯಲ್ಲ. ಮೊದಲು 1 ಕೆಜಿ ರಾಗಿ ಹಿಟ್ಟಿಗೋ ಜೋಳದ ನುಚ್ಚಿಗೋ ಬೆರೆಸಿ. ಅದನ್ನು 5 ಕೆಜಿ ಫೀಡಿಗೆ, ಆಮೇಲೆ ಉಳಿದದ್ದಕ್ಕೆ ಬೆರೆಸಿ.

ಅಂಗಡಿಯ ಎಣ್ಣೆಯನ್ನು ನೇರವಾಗಿ ನೀರಿಗೆ ಹನಿಸಬೇಡಿ. ಎಣ್ಣೆ ನೀರಿನಲ್ಲಿ ಕರಗಲ್ಲ, ತೇಲುತ್ತೆ. ಮೊದಲು ಕೊಕ್ಕು ಅದ್ದಿದ ಮರಿಗೆ ಬಾಯಿ ಗಂಟಲು ಸುಡುತ್ತೆ, ಕೊನೆಯದಕ್ಕೆ ಬರೀ ನೀರು. ಗಿಡದ್ದು ಅಂದಮಾತ್ರಕ್ಕೆ ಹೆಚ್ಚಾದರೂ ಪರವಾಗಿಲ್ಲ ಅಂತಿಲ್ಲ. ಘಾಟು ಹೆಚ್ಚಾದರೆ ಕೋಳಿ ತಿನ್ನುವುದನ್ನೇ ಬಿಡುತ್ತೆ.

ಎರಡು ಸಲ ತೂಗಿ ನೋಡಿದೆ

ಶೆಡ್ಡು ಸರಿಮಾಡಿದ ಮೇಲೆ 60 ಗಿರಿರಾಜ ಮರಿ ತಂದು ಮಧ್ಯೆ ಜಾಲರಿ ಕಟ್ಟಿ 30-30 ಬಿಟ್ಟೆ. ಎರಡಕ್ಕೂ ಒಂದೇ ಫೀಡು, ಔಷಧಿ ಇಲ್ಲ. ಎಡಗಡೆಯವಕ್ಕೆ ಮಾತ್ರ ಓಮ. ಎಂಟು ವಾರಕ್ಕೆ ಎಲ್ಲವನ್ನೂ ತೂಗಿದೆ. ಓಮ ತಿಂದವು ಸರಾಸರಿ 1 ಕೆಜಿ 90 ಗ್ರಾಂ, ತಿನ್ನದವು 1 ಕೆಜಿ 50 ಗ್ರಾಂ. ಖುಷಿಯಾಗಿ ಊರೆಲ್ಲ ಹೇಳಿಕೊಂಡು ಬಂದೆ. ಆಮೇಲೆ ನಮ್ಮ ಮನೆಯವಳು, 'ಹುಂಜ ಎಷ್ಟು, ಹ್ಯಾಟೆ ಎಷ್ಟು ಎಣಿಸಿದ್ರಾ?' ಅಂದಳು. ಎಣಿಸಿದರೆ ಓಮದ ಕಡೆ 17 ಹುಂಜ, ಆ ಕಡೆ 13. ಹುಂಜ ಹೆಚ್ಚು ತೂಗುತ್ತೆ. 40 ಗ್ರಾಂ ಓಮದ್ದೋ ಹುಂಜದ್ದೋ ಹೇಗೆ ಹೇಳುವುದು?

ಎರಡನೇ ಸಲ ಓಮವನ್ನು ಬಲಗಡೆಯವಕ್ಕೆ ಕೊಟ್ಟೆ. ಆ ಕಡೆಯ ನೀರಿನ ಡಬ್ಬ ಸೋರುತ್ತಿದ್ದುದನ್ನು ನಾಲ್ಕು ದಿನ ನಾನು ನೋಡಲಿಲ್ಲ. ಹೊಟ್ಟು ಒದ್ದೆಯಾಗಿ ಭೇದಿ ಬಂತು. ಓಮ ತಿನ್ನುತ್ತಿದ್ದ 30ರಲ್ಲಿ 4 ಸತ್ತವು. ಓಮ ಇಲ್ಲದ, ಹೊಟ್ಟು ಒಣಗಿದ್ದ ಕಡೆ ಒಂದೂ ಸಾಯಲಿಲ್ಲ.

ನನ್ನ 60 ಮರಿಯಿಂದ ಲೋಕಕ್ಕೆ ಲೆಕ್ಕ ಹೇಳಲಾಗದು. ಆದರೆ ನನ್ನ ಶೆಡ್ಡಿನಲ್ಲಿ ಓಮಕ್ಕಿಂತ ಒಣ ಹೊಟ್ಟೇ ದೊಡ್ಡ ಔಷಧಿ ಅಂತ ನನಗೆ ಮನದಟ್ಟಾಯಿತು. ನೀವೂ ಹೀಗೆ ನೋಡುವುದಾದರೆ ಹುಂಜ ಹ್ಯಾಟೆ ಲೆಕ್ಕ, ಸತ್ತವುಗಳ ಲೆಕ್ಕ, ತಿಂದ ಫೀಡಿನ ಲೆಕ್ಕ ಮೂರನ್ನೂ ಬರೆದಿಡಿ. ಮಾರುವವರು ತೂಕ ಒಂದನ್ನೇ ಹೇಳುತ್ತಾರೆ.

ಓಮ ಮಾಡದ ಕೆಲಸ ಮಾಡುವವರು

ಕೊಕ್ಕರೆ ರೋಗ, ಗಂಬೋರೋ ವೈರಸ್‌ನಿಂದ ಬರುವಂಥವು. ಇವಕ್ಕೆ ಆಂಟಿಬಯೋಟಿಕ್ಕೂ ಇಲ್ಲ, ಓಮವೂ ಇಲ್ಲ. ಲಸಿಕೆ ಒಂದೇ ದಾರಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು. ಗಂಬೋರೋಗೆ ಎರಡನೇ ವಾರದ ಹೊತ್ತಿಗೆ. ದಿನಗಳನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ಗೋಡೆ ಮೇಲೆ ಬರೆದಿಡಿ. ಲಸಿಕೆಯನ್ನು ಐಸಿನಲ್ಲೇ ತರಬೇಕು. ಬಿಸಿಲಲ್ಲಿ ಜೇಬಿನಲ್ಲಿ ತಂದ ಲಸಿಕೆ ಬರೀ ನೀರು.

ಹೊಟ್ಟು: ಭತ್ತದ ಹೊಟ್ಟು 2-3 ಅಂಗುಲ ಹಾಕಿ, ದಿನಾ ಕೆದಕಿ ತಿರುವಿ. ಮುಷ್ಟಿಯಲ್ಲಿ ಹಿಂಡಿ ಕೈ ಬಿಟ್ಟರೆ ಉದುರಬೇಕು. ಉಂಡೆ ಕಟ್ಟಿದರೆ ಒದ್ದೆ, ಆ ಭಾಗ ತೆಗೆದು ಒಣ ಹೊಟ್ಟು ಹಾಕಿ. ರಕ್ತಭೇದಿಯ ಸೂಕ್ಷ್ಮಜೀವಿಗೆ ಒದ್ದೆ, ಬೆಚ್ಚಗಿನ ಹೊಟ್ಟೇ ತವರುಮನೆ.

ಕಾವು: ಮೊದಲ ವಾರ ಮರಿಗೆ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಮಾಪಕ ಇಲ್ಲದಿದ್ದರೆ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಚಳಿ, ದೂರ ಓಡಿದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ.

ನೀರು: 1000 ಲೀಟರಿಗೆ 6 ಗ್ರಾಂ ಬ್ಲೀಚಿಂಗ್ ಪುಡಿ. ನೀರಿನಲ್ಲಿ ಲಸಿಕೆ ಕೊಡುವ ದಿನ ಮತ್ತು ಹಿಂದಿನ ದಿನ ಹಾಕಬೇಡಿ, ಲಸಿಕೆ ಕೆಡುತ್ತೆ.

ಫೀಡು: ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ ಬೇಡ. ಬೂಷ್ಟಿನ ವಿಷ ಓಮದಿಂದ ಹೋಗಲ್ಲ.

ಖಾಲಿ ಬಿಡುವುದು: ಒಂದು ತಂಡ ಮಾರಿದ ಮೇಲೆ ಹೊಟ್ಟೆಲ್ಲ ತೆಗೆದು, ತೊಳೆದು, ಸುಣ್ಣ ಬಳಿದು ಎರಡು ವಾರ ಶೆಡ್ಡು ಖಾಲಿ ಬಿಡಿ. ಹೊಲಕ್ಕೆ ರಜೆ ಕೊಟ್ಟ ಹಾಗೆ ಇದು.

ರೋಗ ಬಂದರೆ?

ಆಂಟಿಬಯೋಟಿಕ್ ವಿಷವಲ್ಲ. ರೋಗ ಬಂದ ಕೋಳಿಗೆ ಬೇಕೇ ಬೇಕು. ಓಮ ಇದೆ ಅಂತ ಸಾಯುವ ಮರಿಯನ್ನು ನೋಡುತ್ತಾ ಕೂರುವುದು ತಪ್ಪು. ಸತ್ತ ಮರಿಯನ್ನು ಪಶು ಆಸ್ಪತ್ರೆಗೆ ಒಯ್ದು ಕುಯ್ಯಿಸಿ ನೋಡಿಸಿ. ಡಾಕ್ಟರು ಬರೆದ ಔಷಧಿಯನ್ನು ಬರೆದಷ್ಟು ದಿನ ಪೂರ್ತಿ ಕೊಡಿ. ಎರಡು ದಿನಕ್ಕೆ ಹುಷಾರಾಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ಕೊಟ್ಟ ಮೇಲೆ ಎಷ್ಟು ದಿನ ಕೋಳಿ, ಮೊಟ್ಟೆ ಮಾರಬಾರದು ಅಂತ ಕೇಳಿ, ಅಷ್ಟು ದಿನ ಮಾರಬೇಡಿ. ಬಿಡಬೇಕಾದ್ದು ರೋಗವಿಲ್ಲದ ಕೋಳಿಗೆ ದಿನಾ ಹಾಕುವ ಆ ಚಮಚವನ್ನು.

ಕಂಪನಿ ಮರಿ ಸಾಕುವವರಿಗೆ ಫೀಡು ಕಂಪನಿಯದೇ ಬರುತ್ತೆ, ಅದರಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ಚೀಲದ ಚೀಟಿ ಓದಿ, ಸೂಪರ್‌ವೈಸರ್ ಬಂದಾಗ ಕೇಳಿ. ನಾಲ್ಕು ಜನ ಸೇರಿ ಕೇಳಿದರೆ ಉತ್ತರ ಬರುತ್ತೆ. ಹೊಟ್ಟು, ಕಾವು, ನೀರು ಹೇಗೂ ನಿಮ್ಮ ಕೈಯಲ್ಲೇ ಇದೆ. ಸ್ವಂತ ಸಾಕುವವರಿಗೆ ಸಂದೇಹ ಬಂದರೆ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ನಾನು ಈಗಲೂ ಮೂಟೆಗೆ 200 ಗ್ರಾಂ ಓಮ ಹಾಕುತ್ತೇನೆ. ಮರಿ ಚೆನ್ನಾಗಿ ತಿನ್ನುತ್ತವೆ, ಹಿಕ್ಕೆ ಗಟ್ಟಿಯಾಗಿದೆ. ಅದರಲ್ಲಿ ಓಮದ ಪಾಲು ಎಷ್ಟು, ಕೆದಕುವ ಕೋಲಿನ ಪಾಲು ಎಷ್ಟು ಅಂತ ಕೇಳಿದರೆ ಕೋಲಿಗೇ ಹೆಚ್ಚು ಅಂತೀನಿ. ಶೆಡ್ಡಿನ ಗೂಡಿನಲ್ಲಿ ಬಾಟಲಿ ಇದ್ದ ಜಾಗದಲ್ಲಿ ಈಗ ಲಸಿಕೆ ದಿನ, ಸತ್ತ ಮರಿ, ಫೀಡು ಬರೆಯುವ ಪುಸ್ತಕ ಇದೆ. ಹೋದ ತಂಡದಲ್ಲಿ 100ಕ್ಕೆ 5 ಹೋದವು. ಮುಂದಿನದರಲ್ಲಿ ಅದನ್ನೂ ಕಡಿಮೆ ಮಾಡಬೇಕು. ನಿಮ್ಮಲ್ಲಿ ಯಾರಾದರೂ ಓಮವನ್ನೋ ಚಕ್ಕೆಯನ್ನೋ ಹೀಗೆ ಎರಡು ಭಾಗ ಮಾಡಿ ತೂಗಿ ನೋಡಿದ್ದರೆ ಪತ್ರಿಕೆಗೆ ಬರೆಯಿರಿ. ಫಲ ಬರದಿದ್ದರೂ ಬರೆಯಿರಿ. ಅದೂ ನಮಗೆ ಬೇಕು.